ಹಳೇಬೀಡಿಗೆ ಬಂದರೆ ಮ್ಯೂಸಿಯಂ ಮೊದಲು

ಪ್ರೀತಿಯ ಗೆಳೆಯಾ,

"ಹಳೇಬೀಡು ನೋಡಿದ್ದಾಯ್ತಲ್ಲ, ಮತ್ತೆ ಬಂದು ಏನು ನೋಡೋದು" ಅಂತ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೇ ಈ ಕಾಗದ. ನೀನು ನೋಡಿದ್ದು ದೇವಸ್ಥಾನ. ಪಕ್ಕದಲ್ಲೇ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ನಮ್ಮ ಹಾಸನದವರೇ ಎಷ್ಟೋ ಜನ ಅದರೊಳಗೆ ಕಾಲಿಟ್ಟಿಲ್ಲ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಹೊಯ್ಸಳೇಶ್ವರನ ಗುಡಿ, ಜನ ನೆರೆಯುವುದೂ ಅಲ್ಲೇ. ಮೊನ್ನೆ ಶನಿವಾರ ನಾನು ಹೋದಾಗ ಮ್ಯೂಸಿಯಂ ಹೆಚ್ಚುಕಡಿಮೆ ಖಾಲಿ.

ಗುಡಿಯ ಗೋಡೆಯಲ್ಲಿ ಶಿಲ್ಪಗಳು ಒಂದಕ್ಕೊಂದು ಒತ್ತಿಕೊಂಡಿವೆ, ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ಇಲ್ಲಿ ಒಂದೊಂದೂ ಒಂಟಿ. ಹುಲ್ಲುಹಾಸಿನ ಮೇಲೂ ಇಟ್ಟಿದ್ದಾರೆ, ಸುತ್ತು ಹಾಕಿ ಬೆನ್ನನ್ನೂ ನೋಡಬಹುದು. ಕೈ ಮುರಿದ ಒಂದು ವಿಗ್ರಹದ ಎದುರು ಬಹಳ ಹೊತ್ತು ನಿಂತುಬಿಟ್ಟೆ. ಕೊರಳ ಹಾರ ಎದೆಗೆ ಅಂಟಿಲ್ಲ ಕಣೋ! ಹಿಂದಿನಿಂದ ಉಳಿ ತೂರಿಸಿ ಕಲ್ಲು ಕೊರೆದು ತೆಗೆದಿದ್ದಾರೆ, ಮಣಿಗಳ ನೆರಳು ಎದೆಯ ಮೇಲೆ ಬೀಳುತ್ತದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ, ಅದಕ್ಕೇ ಇಷ್ಟು ನಾಜೂಕು ಸಾಧ್ಯವಾಯಿತು ಅನ್ನುತ್ತಾರೆ. ಇರಬಹುದು. ಆದರೆ ಉಳಿಯೊಂದು ಜಾರಿದ್ದರೆ ಹಾರವೇ ಹೋಗುತ್ತಿತ್ತು. ಆ ಕೈಯ ಧೈರ್ಯ ಕಲ್ಲು ಕೊಟ್ಟದ್ದಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಇಲ್ಲೂ ಪೀಠವನ್ನೆಲ್ಲ ಹುಡುಕಿದೆ, ಹೆಸರಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು.

ಆಮೇಲೆ ಗುಡಿಗೆ ಹೋದರೆ ಅದೇ ಗೋಡೆ ಬೇರೆಯೇ ಕಾಣಿಸಿತು. ಆನೆ, ಸಿಂಹಗಳ ಸಾಲು ಬಿಟ್ಟು ನಾನು ಬರೀ ಒಡವೆ, ಬೆರಳು, ಉಗುರು ನೋಡುತ್ತಾ ನಡೆದೆ. ಮ್ಯೂಸಿಯಂ ಮೊದಲು ಅಂತ ಹಟ ಹಿಡಿಯುತ್ತಿರುವುದು ಇದಕ್ಕೇ.

ಸಮಯವಿದ್ದರೆ ಹತ್ತಿರದ ಬಸದಿಹಳ್ಳಿಗೂ ಹೋಗೋಣ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಅಲ್ಲಿದೆ. ಕಂಬಗಳಿಗೆ ಎಂಥ ಹೊಳಪು ಅಂದರೆ ಎದುರು ನಿಂತರೆ ನಿನ್ನ ಮುಖ ಕಾಣುತ್ತದೆ.

ಶುಕ್ರವಾರ ಮ್ಯೂಸಿಯಂಗೆ ರಜೆ, ಶನಿವಾರವೇ ಬಾ. ಹಾಸನದಿಂದ ಬೆಳಗಿನ ಬಸ್ಸು ಹಿಡಿಯೋಣ. ಚಿತ್ರ ಬರೆಯುವುದು ಬಿಟ್ಟು ಎಷ್ಟು ಕಾಲವಾಯಿತೋ ನಿನಗೆ. ಪುಸ್ತಕ, ಪೆನ್ಸಿಲ್ ತಾ. ಆ ಹಾರವನ್ನು ನೀನು ಬರೆಯಬೇಕು ಅಂತ ನನಗೆ ಆಸೆ.

ನಿನ್ನವ