ನಿಮ್ಮ ಹಾಗೇ ಆಗ್ತೀನಾ ಅಂತ ಕೇಳಿದ್ದೀಯಲ್ಲ

ಚಿ. ವಿನಾಯಕನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲ ಕ್ಷೇಮ. ಊರಿನ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರ ಮೊನ್ನೆ ಬಂತು. ಮೂರು ಪುಟದಲ್ಲಿ ಎರಡೂವರೆ ಪುಟ ಆಫೀಸು, ಪಿ.ಜಿ. ಊಟ, ಟ್ರಾಫಿಕ್ಕು. ಕೊನೆಯಲ್ಲಿ ಒತ್ತಿ ಬರೆದ ಒಂದು ಸಾಲು. "ಕೂದಲು ಸಿಕ್ಕಾಪಟ್ಟೆ ಉದುರ್ತಿದೆ ಮಾವ, ನಾನೂ ನಿಮ್ಮ ಹಾಗೇ ಆಗ್ತೀನಾ?"

ಓದಿ ಮೊದಲು ನಗು ಬಂತು. ಅತ್ತೆಗೆ ಓದಿ ಹೇಳೋಣ ಅಂತ ಎದ್ದವನು ಮತ್ತೆ ಕೂತುಬಿಟ್ಟೆ. ರಾತ್ರಿ ನಿದ್ದೆ ಹತ್ತಲಿಲ್ಲ. ಬಚ್ಚಲಿಗೆ ಹೋಗಿ ದೀಪ ಹಾಕಿ ಕನ್ನಡಿಯಲ್ಲಿ ತಲೆ ನೋಡಿಕೊಂಡೆ. ಗಡ್ಡ ಕೆರೆಯುವಾಗ ಕೆನ್ನೆಯಷ್ಟೇ ನೋಡಿಕೊಳ್ಳುವುದು ನನ್ನ ರೂಢಿ, ಹಣೆಯ ಮೇಲಕ್ಕೆ ಕಣ್ಣು ಹೋಗುವುದೇ ಇಲ್ಲ. ಅಂದು ಹೋಯಿತು.

ಫೋನಿನಲ್ಲಿ ಕೇಳಲು ನಾಚಿಕೆ ಆಯ್ತು ಅಂದಿದ್ದೀಯ. ಒಳ್ಳೆಯದೇ ಆಯ್ತು. ನಮ್ಮನೆಯಲ್ಲಿ ಎಲ್ಲರ ಫೋನೂ ಜಗಲಿಯಲ್ಲಿ ಸ್ಪೀಕರ್ ಹಾಕಿಯೇ ಮಾತಾಡುವುದು. ನಿನ್ನ ತಲೆಯ ವಿಚಾರ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನವರೆಗೂ ಹೋಗುತ್ತಿತ್ತು.

ಕೈಗೆ ಇಸುಬು ಎದ್ದಿತ್ತು ಅಂತ ನಿನ್ನೆ ಶಿವಮೊಗ್ಗಕ್ಕೆ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ಇಸುಬಿನ ಮಾತು ಮುಗಿದ ಮೇಲೆ, ಕೂದಲು ಉದುರುವುದು ಯಾಕೆ ಅಂತ ಮೆಲ್ಲಗೆ ಕೇಳಿದೆ. ಅವರು ನನ್ನ ತಲೆ ನೋಡಿದರು. "ನಿಮಗಾ?" ಅಂದರು. ಅಲ್ಲ, ನಮ್ಮ ಅಳಿಯನಿಗೆ ಅಂದೆ. ಹೆಸರು ಹೇಳಿಲ್ಲ, ಹೆದರಬೇಡ. ಪುಣ್ಯಾತ್ಮರು ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಬಿಡಿಸಿ ಹೇಳಿದರು.

ತಲೆಯಲ್ಲಿ ಸುಮಾರು 1 ಲಕ್ಷ ಕೂದಲು. ಒಂದೊಂದಕ್ಕೂ ಅದರದೇ ಸರದಿ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರು. ಆಮೇಲೆ ಎರಡು ಮೂರು ವಾರದಲ್ಲಿ ಬೆಳವಣಿಗೆ ನಿಲ್ಲಿಸಿ, ಸುಮಾರು ಮೂರು ತಿಂಗಳು ಸುಮ್ನೆ ಕೂತು, ಕಳಚಿ ಬೀಳುತ್ತದೆ. ಅದೇ ಗುಳಿಯಲ್ಲಿ ಇನ್ನೊಂದು ಏಳುತ್ತದೆ. ಯಾವತ್ತು ನೋಡಿದರೂ ನೂರಕ್ಕೆ 85–90 ಕೂದಲು ಬೆಳೆಯುತ್ತಲೇ ಇರುತ್ತವಂತೆ. ದಿನಕ್ಕೆ 50ರಿಂದ 100 ಬೀಳುವುದು ಲೆಕ್ಕದ್ದೇ. ನನಗೆ ನಮ್ಮ ಅಡಿಕೆ ತೋಟ ನೆನಪಾಯಿತು. ಒಳಗಿಂದ ಹೊಸ ಸೋಗೆ ಬಂದ ಹಾಗೆ ಹಳೇ ಹಾಳೆ ಕಳಚಿ ಬೀಳುತ್ತದೆ, ಮರ ಸತ್ತಿತು ಅಂತ ಯಾರೂ ಅಳುವುದಿಲ್ಲ.

ನೀನು ಕೂದಲು "ಬೇರು ಸಮೇತ" ಬರ್ತಿದೆ ಅಂತ ಬರೆದಿದ್ದೀಯಲ್ಲ, ತುದಿಯಲ್ಲಿ ಬಿಳಿ ಗುಂಡು ಇದೆ ಅಂತ, ಅದನ್ನೂ ಕೇಳಿದೆ. ಅದು ಬೇರಲ್ಲವಂತೆ. ಕೂತು ಮುಗಿಸಿ ಬಿದ್ದ ಕೂದಲಿನ ಬುಡ ಹಾಗೇ ಇರುತ್ತದೆ. ನಿಜವಾದ ಬೇರು ಚರ್ಮದೊಳಗೆ ಉಳಿದಿರುತ್ತದೆ. ಇದನ್ನು ಕೇಳಿ ನನಗೇ ಒಂಥರಾ ಆಯಿತು. ನಿನ್ನ ವಯಸ್ಸಿನಲ್ಲಿ ನಾನು ದಿಂಬಿನ ಮೇಲಿನ ಕೂದಲು ಆರಿಸಿ, ಬಿಳಿ ತುದಿ ಇದ್ದವನ್ನು ಬೇರೆ ಇಟ್ಟು ಎಣಿಸುತ್ತಿದ್ದೆ.

ಆಷಾಢದಲ್ಲಿ ನಿನಗೆ ಡೆಂಗಿ ಆಯಿತು. ಅದನ್ನು ಹೇಳಿದ ಕೂಡಲೇ ಡಾಕ್ಟರು ಬೆರಳು ಮಡಿಸಿ ತಿಂಗಳು ಎಣಿಸಿದರು. ಜೋರು ಜ್ವರ ಬಂದರೆ ಬೆಳೆಯುತ್ತಿದ್ದ ಎಷ್ಟೋ ಕೂದಲು ಒಟ್ಟಿಗೆ ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಅಂದೇ ಬೀಳುವುದಿಲ್ಲ, ಎರಡು ಮೂರು ತಿಂಗಳು ಬಿಟ್ಟು ಮುಷ್ಟಿಗಟ್ಟಲೆ ಬೀಳುತ್ತವೆ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರುತ್ತದೆ. ನಾವು ಶಾಂಪೂ ಬೈಯುತ್ತೇವೆ, ಬೆಂಗಳೂರಿನ ಬೋರ್‌ವೆಲ್ ನೀರು ಬೈಯುತ್ತೇವೆ. ಆ ನೀರಿಗೆ ಕೂದಲು ಒರಟಾಗುವುದು ಹೌದು, ಬೇರು ಸಾಯುವುದಿಲ್ಲ. ಹೆಲ್ಮೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ, ಅದನ್ನು ಮಾತ್ರ ಬಿಡಬೇಡ. ನೀನು ಹುಟ್ಟಿದ ಮೇಲೆ ನಿನ್ನಮ್ಮನಿಗೂ ಹೀಗೇ ಆಗಿತ್ತು. ಮಗು ನಗಲು ಶುರು ಮಾಡಿದರೆ ಬಾಣಂತಿ ಕೂದಲು ಉದುರುತ್ತದೆ ಅನ್ನುತ್ತಿದ್ದಳು ನಮ್ಮಮ್ಮ. ಮಗು ನಗುವುದೂ ಹೆಚ್ಚುಕಡಿಮೆ ಮೂರು ತಿಂಗಳಿಗೇ ಅಲ್ವಾ. ಆಮೇಲೆ ಅವಳ ಜಡೆ ಮೊದಲಿನ ಹಾಗೇ ಆಯಿತು, ನೀನೇ ನೋಡಿದ್ದೀಯ.

ಹಾಗಾದರೆ ನಿನ್ನದು ಬರೀ ಜ್ವರದ್ದೇ ಅಂತ ಬರೆದು ಮುಗಿಸಬಹುದಿತ್ತು. ಬರೆದೂ ಇದ್ದೆ, ಆ ಹಾಳೆ ಹರಿದು ಹಾಕಿದೆ. ನೀನು ಕೇಳಿದ್ದು ಅದನ್ನಲ್ಲವಲ್ಲ.

ನನ್ನ ಹಾಗೆ ಆಗುವುದು ಬೇರೆ ದಾರಿ. ಅಲ್ಲಿ ಮುಷ್ಟಿಗಟ್ಟಲೆ ಬೀಳಬೇಕು ಅಂತಿಲ್ಲ. ಹಣೆಯ ಎರಡು ಮೂಲೆ, ನೆತ್ತಿ, ಈ ಜಾಗದ ಬೇರುಗಳು ಪ್ರತಿ ಸರದಿಗೂ ಸಣ್ಣಗಾಗುತ್ತ ಬರುತ್ತವೆ. ಗಂಡಸರ ಹಾರ್ಮೋನಿನಿಂದ ಹುಟ್ಟುವ ಡಿಎಚ್‌ಟಿ ಅಂತ ಒಂದಿದೆಯಂತೆ, ಅದಕ್ಕೆ ಆ ಬೇರುಗಳು ಬಗ್ಗುತ್ತವೆ. ದಪ್ಪ ಕೂದಲು ತೆಳ್ಳಗಾಗಿ, ಗಿಡ್ಡವಾಗಿ, ಕೊನೆಗೆ ಮಗುವಿನ ಕೆನ್ನೆಯ ಮೇಲಿರುವಂಥ ರೋಮವಾಗುತ್ತದೆ. ಹಿಂದಲೆಯ ಕೂದಲು ಮಾತ್ರ ಜಗ್ಗುವುದಿಲ್ಲ. ಅದನ್ನೇ ಕಿತ್ತು ಮುಂದೆ ನೆಡುವ ಆಪರೇಷನ್ ನಡೆಯುವುದೂ ಅದಕ್ಕೇ. ಉದುರಿದ್ದನ್ನು ಬೆಳಕಿಗೆ ಹಿಡಿದು ನೋಡು. ಎಲ್ಲ ಉದ್ದ, ದಪ್ಪ ಇದ್ದರೆ ಜ್ವರದ್ದು ಅಂತ ಅಂದಾಜು. ನಡುವೆ ಗಿಡ್ಡ, ಎಳೆ ಕೂದಲು ಜಾಸ್ತಿ ಇದ್ದರೆ ನನ್ನ ದಾರಿಯೂ ಸ್ವಲ್ಪ ಇದೆ ಅಂತ. ಎರಡೂ ಒಟ್ಟಿಗೆ ಇರುವುದೂ ಉಂಟಂತೆ. ಒಂದೆರಡು ಸಲ ನೋಡು ಸಾಕು, ದಿನಾ ನೋಡಬೇಡ. ನೋಡು ಅಂತಲೂ ನಾನೇ ಹೇಳಿ, ಬೇಡ ಅಂತಲೂ ನಾನೇ ಹೇಳ್ತಿದ್ದೇನೆ, ಏನು ಮಾಡಲಿ.

ಈಗ ಒಂದು ವಿಷಯ ಬರೆಯಬೇಕು. ಇದು ನಿನ್ನಮ್ಮನಿಗೂ ಗೊತ್ತಿಲ್ಲ.

1986. ನನಗೆ 25. ಹೆಣ್ಣು ನೋಡಿ ಬಂದಿದ್ದೆವು. ಹುಡುಗನಿಗೆ ವಯಸ್ಸು ಜಾಸ್ತಿ ಕಾಣುತ್ತದೆ ಅಂತ ಹೇಳಿ ಕಳಿಸಿದ್ದರು. ಅಪ್ಪ ಅಟ್ಟದ ಮೇಲೆ ಬೇಯಿಸಿದ ಅಡಿಕೆ ಹರವುತ್ತಿದ್ದರು. ಅವರದೂ ಬಕ್ಕತಲೆ, ಬಿಸಿಲಿಗೆ ಹೊಳೆಯುತ್ತಿತ್ತು. ಕೆಳಗಿನಿಂದಲೇ ಕೂಗಿ ಹೇಳಿದೆ, "ನಿಮ್ಮಿಂದ ನನಗೆ ಬಂದ ಆಸ್ತಿ ಇದೊಂದೇ." ಅವರು ಒಂದು ಮಾತೂ ಆಡಲಿಲ್ಲ. ಹೆಗಲ ಮೇಲಿದ್ದ ಟವೆಲ್ಲು ತಲೆಗೆ ಸುತ್ತಿಕೊಂಡು ಅಡಿಕೆ ಹರವುತ್ತ ಹೋದರು. ಆಮೇಲೆ ಊಟಕ್ಕೆ ಕೂತಾಗಲೂ ಆ ಟವೆಲ್ಲು ತೆಗೆಯಲಿಲ್ಲ. 1993ರಲ್ಲಿ ಕೊನೆಯ ಸ್ನಾನ ಮಾಡಿಸುವಾಗ ಅದನ್ನು ತೆಗೆದದ್ದು ನಾನೇ. ಏಳು ವರ್ಷದ ಮೇಲೆ ಆ ತಲೆ ನೋಡಿದೆ.

ನಿನ್ನೆ ಡಾಕ್ಟರು ಹೇಳಿದ್ದೇನು ಗೊತ್ತಾ? ಈ ವಿಚಾರದಲ್ಲಿ ದೊಡ್ಡ ಕೈವಾಡದ ಒಂದು ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಅಂದರೆ ನನಗೆ ಅದು ಅಪ್ಪನಿಂದ ಬಂದದ್ದೇ ಅಲ್ಲ. ಅಮ್ಮನ ಅಪ್ಪನದ್ದಿರಬಹುದು. ಆ ಅಜ್ಜ ಮುಂದಲೆ ಬೋಳಿಸಿ ಹಿಂದೆ ಜುಟ್ಟು ಬಿಟ್ಟವರು. ಉದುರಿದ್ದು ಎಷ್ಟು, ಕ್ಷೌರದ್ದೆಷ್ಟು ಅಂತ ಯಾರಿಗೆ ಗೊತ್ತು? ಅಪ್ಪ ಕ್ರಾಪು ಬಿಟ್ಟವರು, ಹಾಗಾಗಿ ಸಿಕ್ಕಿಬಿದ್ದರು. ಬೇರೆ ಜೀನ್‌ಗಳೂ ಬೇಕಾದಷ್ಟಿವೆ, ಅವು ಎರಡೂ ಕಡೆಯಿಂದ ಬರುತ್ತವೆ, ಅಪ್ಪನ ಪಾಲು ಇಲ್ಲವೇ ಇಲ್ಲ ಅಂತಲ್ಲ. ಆದರೂ ಶಿವಮೊಗ್ಗದಿಂದ ಸಾಗರದವರೆಗೆ ಬಸ್ಸಿನಲ್ಲಿ ಆ ಅಡಿಕೆ ಅಟ್ಟವೇ ಕಣ್ಣಮುಂದಿತ್ತು.

ನಿನ್ನಮ್ಮನಿಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡು ಎಕ್ಸ್ ಬಂದಿವೆ. ಅದರಲ್ಲಿ ನಿನ್ನ ಪಾಲಿಗೆ ಏನು ಬಂತೋ. ನಿನ್ನ ಅಪ್ಪಯ್ಯನಿಗೆ ಈಗಲೂ ಬಾಚಣಿಗೆ ಸಿಕ್ಕುವಷ್ಟು ಕೂದಲಿದೆ, ಅದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ನನ್ನ ಹಾಗೇ ಆಗ್ತೀಯ ಅಂತಲೂ ಹೇಳಲಾರೆ, ಆಗೋದಿಲ್ಲ ಅಂತಲೂ ಹೇಳಲಾರೆ. ಏನೇ ಆದರೂ ಇದು ನಿಮ್ಮ ಕಡೆಯಿಂದ ಬಂದದ್ದು ಅಂತ ಅಮ್ಮನ ಹತ್ತಿರ ಮಾತ್ರ ಆಡಬೇಡ ಮಾರಾಯ.

ದೀಪಾವಳಿಯ ದೊಡ್ಡಹಬ್ಬಕ್ಕೆ ಬಂದಾಗ ಗೋಪೂಜೆಯಲ್ಲೂ ನೀನು ಟೊಪ್ಪಿ ತೆಗೆದಿರಲಿಲ್ಲ. ಬೆಂಗಳೂರು ಫ್ಯಾಷನ್ ಅಂತ ಎಲ್ಲರೂ ನಕ್ಕರು. ನನಗೆ ಆಗಲೇ ಅನುಮಾನ ಬಂದಿತ್ತು. ಟೊಪ್ಪಿಯ ವಿದ್ಯೆ ನನಗೆ ಯಾರೂ ಕಲಿಸಬೇಕಿಲ್ಲ. ತೋಟಕ್ಕೆ ಹಾಳೆಟೊಪ್ಪಿ, ಮನೆಗೆ ಟವೆಲ್ಲು, ಪೇಟೆಗೆ ಉಣ್ಣೆ ಟೊಪ್ಪಿ, ಬೇಸಿಗೆಯಲ್ಲೂ. ನಿನ್ನಮ್ಮನ ಮದುವೆಯ ಆಲ್ಬಮ್ಮಿನಲ್ಲಿ ಲಾಜಾಹೋಮದ ಫೋಟೋ ಇದೆ, ನೋಡಿರುತ್ತೀಯ. ಅವಳ ಬೊಗಸೆಗೆ ಅರಳು ಹಾಕುತ್ತಿರುವ ಕೈ ನನ್ನದಲ್ಲ. ಚಿಕ್ಕಪ್ಪನ ಮಗನದು. ಒಡಹುಟ್ಟಿದ ಅಣ್ಣ ನಾನಿದ್ದೆ. ವಿಡಿಯೋದವನು ದೊಡ್ಡ ಲೈಟು ಹಿಡಿದು ನಿಂತಿದ್ದ, ಶಾಸ್ತ್ರಕ್ಕೆ ತಲೆಯ ಮೇಲಿನದು ತೆಗೆಯಬೇಕು. ಪಾಯಸಕ್ಕೆ ಬೆಲ್ಲ ಸಾಲದು ಅಂತ ಅಡಿಗೆ ಚಪ್ಪರಕ್ಕೆ ಓಡಿದೆ. ಪುರೋಹಿತರು ನನ್ನ ಹೆಸರು ಎರಡು ಸಲ ಕರೆದದ್ದು ಕೇಳಿಸಿತು. ಮೂವತ್ತು ವರ್ಷವಾಯಿತು, ಅವಳು ಒಂದು ದಿನವೂ ಯಾಕೆ ಅಂತ ಕೇಳಿಲ್ಲ. ತಲೆಯ ಮಟ್ಟಿಗೆ ನೀನು ನನ್ನ ಹಾಗೆ ಆದರೆ ನನಗೇನೂ ಬೇಜಾರಿಲ್ಲ ವಿನಾಯಕ. ಆ ದಿನದ ನನ್ನ ಹಾಗೆ ಆಗಿಬಿಟ್ಟರೆ ಅನ್ನೋದೇ ನಿದ್ದೆ ಕೆಡಿಸಿದ್ದು.

ಔಷಧಿ ಕೇಳಿದ್ದೀಯ. ಅದನ್ನು ಕೇಳುವುದಕ್ಕೆ ನಾನು ಸರಿಯಾದ ಆಸಾಮಿಯೇ! ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ ಬೇರಿನ ಎಣ್ಣೆಯನ್ನು ಎರಡು ವರ್ಷ ತಿಕ್ಕಿದವನು ನಾನು. ಬಾಟಲಿ ಮೇಲೆ ಮೊಣಕಾಲುದ್ದ ಜಡೆಯ ಹೆಂಗಸಿನ ಚಿತ್ರ. ಬೋಳು ತಲೆಗೂ ಮೊಣಕಾಲಿಗೂ ಗಂಟು ಹಾಕುವುದು ಅಂದರೆ ಅದೇ. ಸೀಮೆಎಣ್ಣೆ ವಾಸನೆ, ನೆತ್ತಿಯೆಲ್ಲ ಗುಳ್ಳೆ. ಇತ್ತ ನಾನು ಹಾಗೆ ತಿಕ್ಕುತ್ತಿದ್ದ ಕಾಲಕ್ಕೇ, 1988ರಲ್ಲಿ, ಅಮೆರಿಕದಲ್ಲಿ ಮಿನಾಕ್ಸಿಡಿಲ್ ಅನ್ನುವ ಔಷಧಿಯನ್ನು ತಲೆಗೆ ಹಚ್ಚಲು ಒಪ್ಪಿದ್ದರಂತೆ. ಮೊದಲು ಅದು ಬಿಪಿ ಮಾತ್ರೆ. ತಿಂದವರ ಮೈಮೇಲೆಲ್ಲ ಕೂದಲು ಬಂತು ಅಂತ ಇದಕ್ಕೆ ತಿರುಗಿಸಿದರು. ಹಚ್ಚಿದರೆ ತಿಂಗಳುಗಟ್ಟಲೆ ಕಾಯಬೇಕು, ಶುರುವಿನಲ್ಲಿ ಇನ್ನೂ ಸ್ವಲ್ಪ ಉದುರಬಹುದು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಫಿನಾಸ್ಟರೈಡ್ ಅಂತ ಮಾತ್ರೆಯೂ ಇದೆ, ಆ ಡಿಎಚ್‌ಟಿ ತಗ್ಗಿಸುವುದು. ಕೆಲವರಿಗೆ ಅದರಿಂದ ಆಗುವ ತೊಂದರೆ ಏನು ಅಂತ ಮಾವನಾಗಿ ಬರೆಯಲು ಸಂಕೋಚ, ಡಾಕ್ಟರನ್ನೇ ಕೇಳು.

ಕೇಳುವುದಾದರೆ ಚರ್ಮದ ಡಾಕ್ಟರನ್ನು ಕೇಳು, ಮೊದಲ ದಿನವೇ ಪ್ಯಾಕೇಜು ಹೇಳುವ ಕಡೆ ಹೋಗಬೇಡ. ರಕ್ತದಲ್ಲಿ ಕಬ್ಬಿಣದ ಅಂಶ, ಥೈರಾಯ್ಡ್ ನೋಡಿಸಬೇಕಾಗಬಹುದು ಅಂದರು ಇವರು. ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ಪರೀಕ್ಷೆಗೆ ಮುಂಚೆ ಅದನ್ನು ತಿಳಿಸು, ಥೈರಾಯ್ಡ್ ಲೆಕ್ಕ ತಪ್ಪಿಸುತ್ತದಂತೆ. ಪಿ.ಜಿ.ಯಲ್ಲಿ ಬರೀ ಚಿತ್ರಾನ್ನ ತಿನ್ನದೆ ಬೇಳೆ, ಕಾಳು, ಸೊಪ್ಪು ತಿನ್ನು. ತಲೆ ಬೋಳಿಸಿದರೆ ದಟ್ಟ ಬರುತ್ತದೆ ಅಂತ ನಿನ್ನ ಅತ್ತೆ ಹೇಳಿಯಾಳು. ಬರುವುದಿಲ್ಲ, ಕತ್ತರಿಸಿದ ತುದಿ ಮೊಂಡಾಗಿ ಕೈಗೆ ದಪ್ಪ ಅನ್ನಿಸುತ್ತದೆ, ಅಷ್ಟೇ. ಕೊಬ್ಬರಿ ಎಣ್ಣೆ ಇರುವ ಕೂದಲನ್ನು ಕಾಯುತ್ತದೆ, ಹೊಸದು ಹುಟ್ಟಿಸುವುದಿಲ್ಲ. ಆದರೂ ಒಂದು ಡಬ್ಬಿ ಕಳಿಸುತ್ತಿದ್ದೇನೆ, ಮನೆಯ ಗಾಣದ್ದು. ಸುಮ್ನೆ ಇಟ್ಟುಕೋ.

ಜ್ವರದ್ದೇ ಆದರೆ ಇನ್ನು ಕೆಲವು ತಿಂಗಳಲ್ಲಿ ಉದುರುವುದು ನಿಲ್ಲಬೇಕು. ಹಣೆಯಂಚಿನಲ್ಲಿ ಮುಳ್ಳಿನ ಹಾಗೆ ಗಿಡ್ಡ ಕೂದಲು ಎದ್ದು ನಿಂತರೆ ಬರೆದು ತಿಳಿಸು. ಏಳದಿದ್ದರೂ ಬರೆ. ನಾನು ಕಾಯುತ್ತಿರುತ್ತೇನೆ, ಆ ಪ್ರಶ್ನೆ ಈಗ ನಿನ್ನದಷ್ಟೇ ಅಲ್ಲ.

ಹಾಳೆಯ ಅಂಚಿನಲ್ಲಿರುವ ಕಂದು ಗುರುತು ಕಾಫಿಯದಲ್ಲ, ಅಡಿಕೆ ಬೇಯಿಸುವ ಚೊಗರು. ಹಂಡೆ ಕುದಿಯುತ್ತಿದೆ, ಎರಡು ಸಲ ಕರೆದಾಯಿತು, ಏಳುತ್ತೇನೆ. ರಕ್ತಪರೀಕ್ಷೆ ಚೀಟಿ ಬಂದ ದಿನ ಫೋನು ಮಾಡು. ಅತ್ತೆ ಎತ್ತಿದರೆ ಅಡಿಕೆ ರೇಟು ಹೇಳಲು ಮಾಡಿದೆ ಅನ್ನು, ನಾನು ಅಂಗಳಕ್ಕೆ ಹೋಗಿ ಮಾತಾಡುತ್ತೇನೆ.

ಇಂತಿ,
ನಿನ್ನ ಮಾವ