ಕೃತಿ ಯಾವ ನುಡಿಯದೆಂದೂ ತಿಳಿಸಿ

ಮಾನ್ಯ ಸಂಪಾದಕರೇ,

ಉತ್ತರ ಆಫ್ರಿಕಾದ ಲೇಖಕರನ್ನು ಪರಿಚಯಿಸುವ ಬರಹಗಳು ಸಾಮಾನ್ಯವಾಗಿ ಮೊರಾಕೊದಿಂದ ಈಜಿಪ್ಟ್‌ವರೆಗಿನ ನಾಡುಗಳನ್ನೆಲ್ಲ ‘ಅರಬ್ ಜಗತ್ತು’ ಎಂಬ ಒಂದೇ ಹೆಸರಿಗೆ ಸೇರಿಸಿ, ಕೃತಿ ಯಾವ ಭಾಷೆಯಲ್ಲಿ ಹುಟ್ಟಿತು ಎಂಬುದನ್ನೇ ಹೇಳದೆ ಮುಂದೆ ಸಾಗುತ್ತವೆ. ಅಲ್ಲಿಯ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಮನೆಯ ಮಾತು ಒಂದು, ಪುಸ್ತಕದ ಅರಬಿ ಇನ್ನೊಂದು, ಮೊರಾಕೊ, ಅಲ್ಜೀರಿಯಾ, ಟುನೀಷಿಯಾಗಳಲ್ಲಿ ಇವುಗಳ ಮೇಲೆ ಫ್ರೆಂಚ್ ಬೇರೆ. ಕಾದಂಬರಿಯನ್ನಷ್ಟೇ ಓದಿದವರ ಕಿವಿಗೆ ಮನೆಯ ಮಾತು ಬೀಳುವುದು ಅಪರೂಪ. ಅದಕ್ಕೆ ಹಾಡು, ಸಿನಿಮಾಗಳ ಬಳಿಗೇ ಹೋಗಬೇಕು.

ಅಲ್ಜೀರಿಯಾದ ಅಸಿಯಾ ಜೆಬಾರ್ ಅವರನ್ನೇ ನೋಡಿ. ಫ್ರೆಂಚ್‌ನಲ್ಲಿ ಬರೆದು, 2005ರಲ್ಲಿ ಫ್ರೆಂಚ್ ಅಕಾಡೆಮಿಗೂ ಆಯ್ಕೆಯಾದ ಈ ಲೇಖಕಿ, 1967ರ ಕಾದಂಬರಿಯ ಬಳಿಕ 1980ರವರೆಗೆ ಹೊಸ ಕಥಾಕೃತಿಯನ್ನು ಪ್ರಕಟಿಸಲಿಲ್ಲ. ಆ ನಡುವೆ, 1977ರಲ್ಲಿ, ತಮ್ಮ ಹುಟ್ಟೂರಿಗೆ ಹತ್ತಿರದ ಶೆನುವಾ ಬೆಟ್ಟದ ಹೆಂಗಸರನ್ನು ಕುರಿತು ಚಿತ್ರವೊಂದನ್ನು ಮಾಡಿದರು. ಸ್ವಾತಂತ್ರ್ಯ ಸಮರದ ನೆನಪುಗಳನ್ನು ಆ ಹೆಂಗಸರು ತಮ್ಮ ಆಡುಮಾತಿನಲ್ಲೇ ಹೇಳುತ್ತಾರೆ. ಚಿತ್ರದ ಶೀರ್ಷಿಕೆಯಲ್ಲಿರುವ ‘ನೂಬಾ’ ಎಂಬುದು ಆಂಡಲೂಸಿ ಸಂಗೀತದ, ಅಂದರೆ ಮಧ್ಯಯುಗದ ಮುಸ್ಲಿಂ ಸ್ಪೇನಿನಿಂದ ಬಂದ ಶಾಸ್ತ್ರೀಯ ಸಂಗೀತದ, ದೀರ್ಘ ಪ್ರಸ್ತುತಿಯ ಹೆಸರು. ‘ಸರದಿ’ ಎಂಬ ಅರ್ಥವೂ ಅದಕ್ಕಿದೆ. ಹೀಗೆ ಲೇಖಕಿ, ಸಂಗೀತ, ಸಿನಿಮಾ ಮೂರೂ ಒಂದೇ ಕಡೆ ಕೂಡಿದ ಈ ಚಿತ್ರವನ್ನು ನೋಡಿದ ಮೇಲೆ ಅವರ ಕಾದಂಬರಿಗಳ ಫ್ರೆಂಚ್ ವಾಕ್ಯಗಳ ಹಿಂದೆ ಬೇರೆ ದನಿಗಳು ಕೇಳತೊಡಗುತ್ತವೆ. 1956ರಲ್ಲಿ ಫ್ರೆಂಚ್ ಕಾದಂಬರಿಯಿಂದ ಹೆಸರಾದ ಕಾತೆಬ್ ಯಾಸಿನ್ ಕೂಡ ಮುಂದೆ ಅಲ್ಜೀರಿಯಾದ ಆಡು ಅರಬಿಯ ನಾಟಕಗಳಿಗೆ ಹೊರಳಿದರು.

ಅರಬರಿಗಿಂತ ಮುಂಚಿನಿಂದ ಅಲ್ಲಿರುವ ಅಮಾಜಿಗ್ ಜನರ ನುಡಿಗೆ ಅಧಿಕೃತ ಸ್ಥಾನ ದೊರೆತದ್ದು ಮೊರಾಕೊದಲ್ಲಿ 2011ರಲ್ಲಿ, ಅಲ್ಜೀರಿಯಾದಲ್ಲಿ 2016ರಲ್ಲಿ. ಆದರೆ ಇದಿರ್ ಎಂಬ ಅಲ್ಜೀರಿಯಾದ ಗಾಯಕ ಅದೇ ನುಡಿಯ ಕಬೈಲ್ ರೂಪದಲ್ಲಿ ಅಜ್ಜಿಕಥೆಯೊಂದನ್ನು ಹಾಡಿ ಎಪ್ಪತ್ತರ ದಶಕದಲ್ಲೇ ಗಡಿ ದಾಟಿಸಿದ್ದರು. ಬಾಗಿಲು ತೆರೆಯೆಂದು ಮಗಳು ಹೊರಗಿನಿಂದ ಬೇಡುತ್ತಾಳೆ. ರಾಕ್ಷಸನ ಭಯದಿಂದ ಒಳಗಿರುವ ತಂದೆ, ಗುರುತಿಗಾಗಿ ಕೈಬಳೆ ಕುಲುಕಿಸು ಎನ್ನುತ್ತಾನೆ. ನುಡಿ ತಿಳಿಯದವರನ್ನೂ ಆ ಹಾಡು ಒಲೆಯ ಮುಂದೆ ಕೂರಿಸುತ್ತದೆ. (1992ರಲ್ಲಿ ಗಾಯಕ ಖಾಲಿದ್ ಅವರ ‘ದೀದಿ’ ಹಾಡಿಗೆ ಕುಣಿದವರಲ್ಲಿ ಅದರ ಬೇರು ಅಲ್ಜೀರಿಯಾದ ಓರಾನ್ ಪಟ್ಟಣದ ರಾಯ್ ಸಂಗೀತದಲ್ಲಿದೆ ಎಂದು ಎಷ್ಟು ಮಂದಿಗೆ ತಿಳಿದಿತ್ತೋ!)

ಮೊರಾಕೊದ ಕಾಸಾಬ್ಲಾಂಕಾದಲ್ಲಿ ಹುಟ್ಟಿದ ನಾಸ್ ಅಲ್ ಗಿವಾನ್ ಎಂಬ ಸಂಗೀತ ತಂಡದ ಮೇಲೆ ಅಹ್ಮದ್ ಅಲ್ ಮಾನೂನಿ 1981ರಲ್ಲಿ ತೆಗೆದ ಸಾಕ್ಷ್ಯಚಿತ್ರವೂ ನೋಡತಕ್ಕದ್ದು. ಸಹಾರಾದಾಚೆಯಿಂದ ಗುಲಾಮರಾಗಿ ಬಂದವರ ಪರಂಪರೆಯ ಗ್ನಾವಾ ಸಂಗೀತದ ಮೂರು ತಂತಿಯ ವಾದ್ಯ ಅದರಲ್ಲಿ ಮೊಳಗುತ್ತದೆ. ‘ಅರಬ್’ ಎಂಬ ಒಂದೇ ಪದ ಎಷ್ಟು ಕಿರಿದೆಂದು ಅದು ವಾದವಿಲ್ಲದೆ ತೋರಿಸುತ್ತದೆ. ಅರಬಿಯೊಳಗೂ ಇಂಥದೇ ಅಂತರವಿದೆ: ಈಜಿಪ್ಟ್‌ನ ಕಾದಂಬರಿಕಾರ ನಗೀಬ್ ಮಹಫೂಜ್ ಪಾತ್ರಗಳ ಸಂಭಾಷಣೆಯನ್ನೂ ಗ್ರಾಂಥಿಕ ಅರಬಿಯಲ್ಲೇ ಬರೆದರು. ಅವರ ಕಾದಂಬರಿಗಳು ಚಲನಚಿತ್ರಗಳಾದಾಗ ಅವೇ ಪಾತ್ರಗಳು ಕೈರೋದ ಬೀದಿಮಾತನ್ನು ಆಡಿದವು.

ಆದ್ದರಿಂದ ಮುಂದೆ ಆ ನಾಡುಗಳ ಕೃತಿಯನ್ನು ಪರಿಚಯಿಸುವಾಗ ಮೂಲ ಯಾವ ನುಡಿಯದು, ಅನುವಾದ ನೇರ ಮೂಲದಿಂದಲೋ ಇಂಗ್ಲಿಷ್ ಮೂಲಕವೋ ಎಂಬುದನ್ನು ಒಂದು ಸಾಲಿನಲ್ಲಾದರೂ ತಿಳಿಸಬೇಕೆಂದೂ, ಸಾಧ್ಯವಾದರೆ ಅದೇ ಸೀಮೆಯ ಒಂದು ಹಾಡನ್ನೋ ಚಿತ್ರವನ್ನೋ ಜೊತೆಗೆ ಹೆಸರಿಸಬೇಕೆಂದೂ ಕೋರುತ್ತೇನೆ.

ಇಂತು,
ತಮ್ಮ ಓದುಗ