ರಿಪೋರ್ಟಿನ ಕೆಳಗಿನ ಸಹಿ

ಚಿ. ವಿದ್ಯಾಳಿಗೆ ಸೋದರತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಒಂದು ಸಾಲು ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ: ‘ಪೆಥಾಲಜಿ ಸೇರಿದರೆ ನನ್ನನ್ನು ಯಾರೂ ಡಾಕ್ಟರ್ ಎಂದುಕೊಳ್ಳುವುದಿಲ್ಲವೇನೋ ಅತ್ತೆ.’

ಈ ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳಲಾರೆ. ಅಂಗಾಂಶ ಪರೀಕ್ಷಿಸಿ ರೋಗ ಗುರುತಿಸುವ ನಮ್ಮನ್ನು ಜನ ರಕ್ತ ತೆಗೆಯುವವರೆಂದೋ ಹೆಣ ಕೊಯ್ಯುವವರೆಂದೋ ತಿಳಿದಿರುತ್ತಾರೆ. ‘ಹಾಗಾದರೆ ನೀವು ರೋಗಿಗಳನ್ನು ನೋಡುವುದಿಲ್ಲವೇ?’ ಎಂದು ನೆಂಟರೇ ಕೇಳಿದಾಗ ನನ್ನ ಬಾಯಿ ಕಟ್ಟುತ್ತಿತ್ತು. ನೋಡುತ್ತೇವೆ ಮಗಳೇ, ಬೇರೆ ಯಾರೂ ನೋಡದಷ್ಟು ಹತ್ತಿರದಿಂದ ನೋಡುತ್ತೇವೆ.

ಸ್ತನದ ಗಡ್ಡೆಯೊಂದು ಕೆಡದಂತೆ ಫಾರ್ಮಲಿನ್ ದ್ರಾವಣದ ಡಬ್ಬಿಯಲ್ಲಿ ಬಂದಿದೆ ಎಂದುಕೊ. ಅದರ ಅಂಚಿಗೆಲ್ಲ ಶಾಯಿ ಬಳಿದು ಹೋಳು ಮಾಡುತ್ತೇವೆ. ಟೆಕ್ನೀಷಿಯನ್ ಅದನ್ನು ಮೇಣದಲ್ಲಿ ಕೂರಿಸಿ, ಮೂರು ನಾಲ್ಕು ಮೈಕ್ರಾನಿನಷ್ಟು ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿನ ಮೇಲೆ ಬಣ್ಣ ಹಾಕಿ ಕೊಡುತ್ತಾನೆ. ಸೂಕ್ಷ್ಮದರ್ಶಕದಲ್ಲಿ ಕೋಶಕೇಂದ್ರಗಳು ನೀಲಿ, ಉಳಿದದ್ದು ಗುಲಾಬಿ. ಕ್ಯಾನ್ಸರ್ ಕೋಶ ಆ ಶಾಯಿಯ ಗೆರೆಯನ್ನು ಮುಟ್ಟಿದೆಯೇ ಇಲ್ಲವೇ? ಮುಟ್ಟಿದ್ದರೆ ಆ ಹೆಂಗಸು ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾದೀತು. ಹಾರ್ಮೋನ್ ಚಿಕಿತ್ಸೆ ಆಕೆಗೆ ನಾಟೀತೇ ಎಂಬುದಕ್ಕೂ ಅದೇ ತುಣುಕಿನಲ್ಲೇ ಸುಳಿವು ಹುಡುಕಬೇಕು. ಇದು ಡಾಕ್ಟರ್ ಕೆಲಸವಲ್ಲದೆ ಇನ್ನೇನು?

ಫ್ರೋಜನ್ ಸೆಕ್ಷನ್ ಬಗ್ಗೆ ನೀನು ಓದಿರುತ್ತೀಯ. ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂದು ರೋಗಿ ಇನ್ನೂ ಮೇಜಿನ ಮೇಲಿರುವಾಗಲೇ ಉತ್ತರ ಬೇಕೆಂದು ಅಮೆರಿಕದ ಮೇಯೋ ಕ್ಲಿನಿಕ್ಕಿನ ಶಸ್ತ್ರಚಿಕಿತ್ಸಕರು ಕೇಳಿದ್ದಕ್ಕೆ, 1905ರಲ್ಲಿ ಅಲ್ಲಿನ ಪೆಥಾಲಜಿಸ್ಟ್ ಲೂಯಿಸ್ ವಿಲ್ಸನ್ ಆ ವಿಧಾನವನ್ನು ರೂಢಿಗೆ ತಂದರು. ಇವತ್ತಿಗೂ ಅಂಗಾಂಶವನ್ನು ಹೆಪ್ಪುಗಟ್ಟಿಸಿ, ಸುಮಾರು 20 ನಿಮಿಷದಲ್ಲಿ ಹೇಳಿಬಿಡಬೇಕು. ಅಷ್ಟು ಹೊತ್ತು ಕತ್ತರಿ ಹಿಡಿದ ಕೈ ನಿನ್ನ ಮಾತಿಗಾಗಿ ಕಾದಿರುತ್ತದೆ. ಆಗ ನಾನು ಡಾಕ್ಟರೋ ಅಲ್ಲವೋ ಎಂಬ ಸಂಶಯ ನನಗೊಮ್ಮೆಯೂ ಬಂದದ್ದಿಲ್ಲ. ಬರುತ್ತಿದ್ದುದು ಮದುವೆಮನೆಗಳಲ್ಲಿ.

ಒಂದು ಕೊರಗು ಮಾತ್ರ ಉಳಿದಿದೆ. ಒಮ್ಮೆ ಒಬ್ಬಾಕೆ ತನ್ನ ಸ್ಲೈಡ್ ನೋಡಬೇಕೆಂದು ವಿಭಾಗದ ಬಾಗಿಲಿಗೇ ಬಂದಿದ್ದರು. ಅಂಥ ಪದ್ಧತಿಯಿಲ್ಲವೆಂದು ವಿಭಾಗದವರು ಹೇಳಿ ಕಳುಹಿಸಿದರು. ನಾನು ಒಳಗೇ ಇದ್ದೆ, ಎದ್ದು ಹೋಗಲಿಲ್ಲ. ಜನ ನಮ್ಮನ್ನು ಡಾಕ್ಟರೆಂದು ಕಾಣುವುದಿಲ್ಲ ಎಂದು ನೀನು ಬರೆದದ್ದನ್ನು ಓದಿದಾಗಿನಿಂದ ಆಕೆಯೇ ಕಣ್ಣಮುಂದೆ ಬರುತ್ತಿದ್ದಾರೆ.

ಕೇಳದೆ ಬುದ್ಧಿ ಹೇಳುತ್ತಿದ್ದೇನೆ, ಬೇಸರಿಸಬೇಡ. ಕ್ಯಾನ್ಸರ್ ರೋಗಿಯ ಚಿಕಿತ್ಸೆಯನ್ನು ಬೇರೆ ಬೇರೆ ವಿಭಾಗದ ವೈದ್ಯರು ಸೇರಿ ಚರ್ಚಿಸುವ ಟ್ಯೂಮರ್ ಬೋರ್ಡ್ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತುಕೊ. ಅನಿರೀಕ್ಷಿತವಾದದ್ದು ಕಂಡರೆ ರಿಪೋರ್ಟ್ ಹೋಗುವವರೆಗೆ ಕಾಯದೆ ಚಿಕಿತ್ಸೆ ಕೊಡುವ ವೈದ್ಯರಿಗೆ ಫೋನ್ ಮಾಡು. ಯಾರಾದರೂ ತಮ್ಮ ಸ್ಲೈಡ್ ತೋರಿಸಿ ಎಂದರೆ, ಚಿಕಿತ್ಸೆ ಕೊಡುವ ವೈದ್ಯರಿಗೆ ಒಂದು ಮಾತು ಹೇಳಿ, ಕುರ್ಚಿ ಹಾಕಿ ಕೂರಿಸಿ ತೋರಿಸು. ಇದರಿಂದ ನಿನ್ನ ಭಯ ಪೂರ್ತಿ ಹೋಗುತ್ತದೆಯೋ ಇಲ್ಲವೋ, ನಾನರಿಯೆ.

ಸೀಟು ಒಪ್ಪಿಕೊಳ್ಳುವ ಮೊದಲು ಒಂದು ದಿನ ಎಲ್ಲಾದರೂ ಫ್ರೋಜನ್ ನಡೆಯುವಾಗ ಪಕ್ಕದಲ್ಲಿ ನಿಂತು ನೋಡು. ಆಮೇಲೂ ಮನಸ್ಸು ಒಪ್ಪದಿದ್ದರೆ ಬೇರೆ ವಿಭಾಗ ಆರಿಸಿಕೊ, ನನಗೇನೂ ಬೇಸರವಿಲ್ಲ. ಏನಾಯಿತೆಂದು ಬರೆ.

ಇಂತಿ,
ನಿನ್ನ ಅತ್ತೆ